ಅಗ್ಗ ಆಯ್ತು, ಶಕ್ತಿ ಹೋಯ್ತು

ನಮಸ್ಕಾರ. ಇವತ್ತು ಬೇರೆ ವಿಷಯ ಮಾಡಬೇಕಿತ್ತು. ಅರ್ಧ ಬರೆದೂ ಇಟ್ಟಿದ್ದೆ. ಆದರೆ ನಿನ್ನೆ ರಾತ್ರಿ ಮಲಗುವ ಮುಂಚೆ ಕಾಮೆಂಟ್ ಓದಿದೆ. ಮಲಗುವ ಮುಂಚೆ ಕಾಮೆಂಟ್ ಓದಬಾರದು ಅಂತ ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು. ಆದರೂ ಓದಿದೆ.

ಕಳೆದ ಎಪಿಸೋಡಿನಲ್ಲಿ ಒಂದೇ ಒಂದು ಸಾಲು ಹೇಳಿದ್ದೆ. ಏನನ್ನೋ ತಿಂದರೆ ಕಾಮ ಕೆರಳುತ್ತದೆ ಅನ್ನುವುದು ವ್ಯಾಪಾರದ ಮಾತು, ಅಂತ. ಅಷ್ಟು ಹೇಳಿ ಮುಂದಕ್ಕೆ ಹೋಗಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಸಾವಿರಾರು ವರ್ಷದಿಂದ ಇಡೀ ಪ್ರಪಂಚ ತಿಂದು ನೋಡಿ ಹೇಳಿದ್ದನ್ನ ನೀನು ಯಾವನೋ ಮೈಕ್ ಮುಂದೆ ಕೂತು ಸುಳ್ಳು ಅಂತೀಯಲ್ಲ, ಅವರೆಲ್ಲಾ ದಡ್ಡರಾ?" ಇದಕ್ಕೆ 412 ಲೈಕು. ನನ್ನ ಎಪಿಸೋಡಿಗೇ ಅಷ್ಟು ಬಂದಿಲ್ಲ.

ಇನ್ನೊಂದು ಕಾಕತಾಳೀಯ ನೋಡಿ. ಅದೇ ವಾರ ನನ್ನ ಬಾಲ್ಯದ ಗೆಳೆಯನೊಬ್ಬ ಬಂದ, ಹೋಗುವಾಗ ಒಂದು ಡಬ್ಬ ಕೈಗಿಟ್ಟ. ವಿಡಿಯೋ ನೋಡುತ್ತಿರುವವರಿಗೆ ಕಾಣುತ್ತಿದೆ ಅಲ್ವಾ? ಕೇಳುತ್ತಿರುವವರಿಗೆ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ಗಾಜಿನ ಡಬ್ಬ. ಚಿನ್ನದ ಬಣ್ಣದ ಮುಚ್ಚಳ. ಅದಕ್ಕೊಂದು ಚಿನ್ನದ ದಾರ, ದಾರಕ್ಕೆ ಕಟ್ಟಿದ ಪುಟಾಣಿ ಮರದ ಚಮಚ. ಮೇಲೆ ಎರಡು ಕಾಲು ಎತ್ತಿ ನಿಂತ ಕಪ್ಪು ಕುದುರೆ. ಕೆಳಗೆ ಐದು ಭಾಷೆಯಲ್ಲಿ "ಗಂಡಸರಿಗೆ ಮಾತ್ರ". ಒಳಗೇನಿದೆ ಅಂತ ನೋಡಲು ಡಬ್ಬ ತಿರುಗಿಸಿದರೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರ: ಜೇನುತುಪ್ಪ, ಆಯ್ದ ಗಿಡಮೂಲಿಕೆಗಳು. ಮುಗೀತು. ಯಾವ ಗಿಡ, ಎಷ್ಟು ಮೂಲಿಕೆ, ಆಯ್ದವರು ಯಾರು, ಒಂದೂ ಇಲ್ಲ. ಕುದುರೆಗೆ ಕೊಟ್ಟಷ್ಟು ಜಾಗವನ್ನು ಪಟ್ಟಿಗೆ ಕೊಟ್ಟಿಲ್ಲ.

ಸರಿ. ಪ್ರಶ್ನೆ ಕೇಳಿದ್ದೀರಿ, ಉತ್ತರ ಕೊಡುತ್ತೇನೆ. ನನ್ನದು ಒಂದೇ ಮಾತು. ಕಾಮೋತ್ತೇಜಕ ಅಂತ ಹೆಸರು ಬರುವುದು ಪದಾರ್ಥಕ್ಕಲ್ಲ, ಅದರ ಬೆಲೆಗೆ. ಅಪರೂಪಕ್ಕೆ ಸಿಗುವಾಗ, ದೂರದಿಂದ ಬರುವಾಗ, ದೊಡ್ಡವರ ಮನೆಯಲ್ಲಿ ಮಾತ್ರ ಇರುವಾಗ ಅದರಲ್ಲಿ ಶಕ್ತಿ ಇರುತ್ತದೆ. ಎಲ್ಲರ ಅಡುಗೆಮನೆಗೂ ಬಂದ ದಿನ ಅದು ಪಲ್ಯ. ಅಗ್ಗ ಆಯ್ತು, ಶಕ್ತಿ ಹೋಯ್ತು.

ಸುಮ್ನೆ ಹೇಳುತ್ತಿಲ್ಲ. ಆಲೂಗಡ್ಡೆ ತಗೊಳ್ಳಿ. ಹೌದು, ಆಲೂಗಡ್ಡೆ. ನಗಬೇಡಿ. ಅಮೆರಿಕ ಖಂಡದಿಂದ ಗೆಣಸು, ಆಲೂಗಡ್ಡೆ ಎಲ್ಲ ಯುರೋಪಿಗೆ ಹೊಸದಾಗಿ ಬಂದಾಗ ಅದು ರಸಿಕರ ತಿಂಡಿ. ಶೇಕ್ಸ್‌ಪಿಯರನ ನಾಟಕದಲ್ಲಿ ಫಾಲ್‌ಸ್ಟಾಫ್ ಅನ್ನುವ ಡೊಳ್ಳುಹೊಟ್ಟೆ ಮುದುಕ, ಇಬ್ಬರು ಹೆಂಗಸರು ತನ್ನ ಬಲೆಗೆ ಬಿದ್ದರು ಅಂತ ಖುಷಿಯಲ್ಲಿ ಕುಣಿಯುತ್ತಾ, ಆಕಾಶದಿಂದ ಆಲೂಗಡ್ಡೆ ಮಳೆ ಸುರಿಯಲಿ ಅನ್ನುತ್ತಾನೆ. ನಾಟಕ ನೋಡುತ್ತಿದ್ದವರು ನಕ್ಕಿರುತ್ತಾರೆ, ಯಾಕೆಂದರೆ ಅವರಿಗೆಲ್ಲ ಆ ಆಲೂಗಡ್ಡೆ ಯಾವುದಕ್ಕೆ ಅಂತ ಗೊತ್ತಿತ್ತು. ಇದು 1600ರ ಆಸುಪಾಸಿನ ಮಾತು. ಆಮೇಲೆ ಹೊಲಹೊಲದಲ್ಲಿ ಆಲೂಗಡ್ಡೆ ಬೆಳೆಯಿತು. ಬಡವರ ಊಟ ಆಯಿತು. ಈಗ ಯಾರಾದರೂ ಮದುವೆ ರಾತ್ರಿಗೆ ಅಂತ ಎರಡು ಕೆಜಿ ಆಲೂಗಡ್ಡೆ ತರುತ್ತಾರಾ? ಟೊಮ್ಯಾಟೊ ಕಥೆಯೂ ಅದೇ. ಫ್ರೆಂಚರು ಅದನ್ನು ಪ್ರೇಮದ ಸೇಬು ಅಂತ ಕರೆದಿದ್ದರು. ಪ್ರೇಮದ ಸೇಬು! ಇವತ್ತು ಅದು ಸಾಸ್ ಬಾಟಲಿಯಲ್ಲಿ ತಲೆಕೆಳಗಾಗಿ ನಿಂತಿದೆ. ಅಗ್ಗ ಆಯ್ತು, ಶಕ್ತಿ ಹೋಯ್ತು.

"ಚಾಕೊಲೇಟ್ ಇನ್ನೂ ಇದೆಯಲ್ಲಾ?" ಅಂತ ನೀವು ಟೈಪ್ ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು. ತಡೀರಿ.

ಚಾಕೊಲೇಟ್ ಬಗ್ಗೆ ಇಂಟರ್ನೆಟ್ಟಿನಲ್ಲಿ ಒಂದು ಕಥೆ ಓಡಾಡುತ್ತಿದೆ. ಅಜ್ಟೆಕ್ ದೊರೆ ಮೊಂಟೆಜುಮಾ ದಿನಕ್ಕೆ 50 ಕಪ್ ಚಾಕೊಲೇಟ್ ಕುಡಿದು ಅಂತಃಪುರಕ್ಕೆ ಹೋಗುತ್ತಿದ್ದ ಅಂತ. ಇದರ ಮೂಲ ಬರ್ನಾಲ್ ಡಿಯಾಜ್ ಅನ್ನುವ ಸ್ಪೇನಿನ ಸೈನಿಕ. 1519ರಲ್ಲಿ ಮೆಕ್ಸಿಕೋಗೆ ದಂಡೆತ್ತಿ ಹೋದ ಗುಂಪಿನಲ್ಲಿ ಅವನೂ ಇದ್ದ, ಮುದುಕನಾದ ಮೇಲೆ ನೆನಪಿನಿಂದ ಬರೆದ. ಅವನು ಬರೆದಿರುವುದು ಏನು? ದೊರೆಯ ಊಟದ ಹೊತ್ತಿಗೆ ನೊರೆ ನೊರೆಯಾದ ಕೊಕೊ ತುಂಬಿದ 50ಕ್ಕೂ ಹೆಚ್ಚು ದೊಡ್ಡ ಹೂಜಿಗಳನ್ನು ತಂದರು, ಅದರಿಂದ ಅವನು ಕುಡಿದ, ಹೆಂಗಸರ ವಿಷಯದಲ್ಲಿ ಒಳ್ಳೆಯದು ಅಂತ ಜನ ಹೇಳುತ್ತಿದ್ದರು. "ಹೇಳುತ್ತಿದ್ದರು" ಅಂತಷ್ಟೇ. 50 ಹೂಜಿ ತಂದದ್ದು ಹೋಗಿ 50 ಕಪ್ ಕುಡಿದದ್ದಾಯಿತು. ಅಷ್ಟು ಕುಡಿದವನು ಹೋಗಬೇಕಾದ ಜಾಗ ಅಂತಃಪುರ ಅಲ್ಲ ಬಿಡಿ.

ಆದರೆ ನನಗೆ ಬೇಕಾದದ್ದು ಬೇರೆ. ಆ ಜನಕ್ಕೆ ಕೊಕೊ ಬೀಜ ಅಂದರೆ ನಾಣ್ಯ. ಸಂತೆಯಲ್ಲಿ ಕೊಕೊ ಬೀಜ ಎಣಿಸಿ ಕೊಟ್ಟು ಸಾಮಾನು ತರುತ್ತಿದ್ದರು. ಅಂದರೆ ದೊರೆ ದುಡ್ಡನ್ನು ಅರೆದು, ನೊರೆ ಬರಿಸಿ, ಚಿನ್ನದ ಬಟ್ಟಲಲ್ಲಿ ಕುಡಿಯುತ್ತಿದ್ದ. ಎದುರಿಗೆ ಕೂತು ಒಬ್ಬ ಮನುಷ್ಯ ನೋಟಿನ ಕಂತೆ ಕುಡಿಯುತ್ತಿದ್ದರೆ ಅವನಲ್ಲಿ ಏನೋ ವಿಶೇಷ ಇದೆ ಅಂತ ನಿಮಗೂ ಅನಿಸುತ್ತದೆ. ಅದಕ್ಕೆ ಕೊಕೊ ಯಾಕೆ ಬೇಕು?

ಈಗ ಬರುತ್ತಾರೆ ವಿಜ್ಞಾನದವರು. ಚಾಕೊಲೇಟಲ್ಲಿ ಫಿನೈಲ್‌ಈಥೈಲಮೀನ್ ಇದೆ, ಪ್ರೀತಿಯ ರಾಸಾಯನಿಕ, ಅಂತ. ಇದೆ. ಸ್ವಲ್ಪ ಇದೆ. ಅದನ್ನು ನಿಮ್ಮ ಕರುಳು ಮತ್ತು ಯಕೃತ್ತಿನಲ್ಲಿರುವ ಕಿಣ್ವ ಮೆದುಳಿಗೆ ಮುಟ್ಟುವ ಮುಂಚೆಯೇ ಒಡೆದು ಹಾಕುತ್ತದೆ. ಪ್ರೀತಿ ಕರುಳಲ್ಲೇ ಮುಗಿಯುತ್ತದೆ. ಮತ್ತೆ ಗಮನಿಸಿದ್ದೀರಾ, ಯಾವ ಚಾಕೊಲೇಟಿಗೆ ಆ ಹೆಸರು ಉಳಿದಿದೆ? ಮಕ್ಕಳಿಗೆ ಬಾಯಿ ಮುಚ್ಚಿಸಲು ಕೊಡುವ ಚಿಕ್ಕ ಬಾರಿಗಲ್ಲ. ರೇಷ್ಮೆ ರಿಬ್ಬನ್ ಕಟ್ಟಿದ, ಹೃದಯದ ಆಕಾರದ, ಒಳಗೆ ಒಂಬತ್ತೇ ತುಂಡು ಇರುವ ಪೆಟ್ಟಿಗೆಗೆ. ಎರಡರಲ್ಲೂ ಅದೇ ಕೊಕೊ. ಕೆಲಸ ಮಾಡುತ್ತಿರುವುದು ರಿಬ್ಬನ್ ಸ್ವಾಮಿ, ರಿಬ್ಬನ್.

ಅಂದಹಾಗೆ ಇಲ್ಲಿವರೆಗೂ ಕೇಳಿದ್ದೀರಿ ಅಂದರೆ ಸಬ್‌ಸ್ಕ್ರೈಬ್ ಬಟನ್ ಒತ್ತಲು ನಿಮಗೇನು ಕಷ್ಟ? ಅದು ಅಗ್ಗ ಅಲ್ಲ, ಪುಕ್ಕಟೆ. ಆದರೂ ಶಕ್ತಿ ಇದೆ. ನನ್ನ ಸಿದ್ಧಾಂತಕ್ಕೆ ಇರುವುದು ಇದೊಂದೇ ಅಪವಾದ.

ಈಗ ಸಿಂಪಿಗೆ ಬರೋಣ. ಆಯ್ಸ್ಟರ್. ಎಲ್ಲರೂ ಕೊನೆಗೆ ಎಸೆಯುವ ತುರುಪು ಎಲೆ ಇದು. "ಕ್ಯಾಸನೋವಾ ತಿನ್ನುತ್ತಿದ್ದ, ಅದರಲ್ಲಿ ಜಿಂಕ್ ಇದೆ." ಕ್ಯಾಸನೋವಾ ಅಂದರೆ ಹದಿನೆಂಟನೇ ಶತಮಾನದ ಇಟಲಿಯ ಹೆಸರಾಂತ ರಸಿಕ. ಜಿಂಕ್ ಇದೆ, ಒಪ್ಪಿದೆ, ಬೇರೆ ಯಾವ ಊಟದಲ್ಲೂ ಇಲ್ಲದಷ್ಟು ಇದೆ. ಜಿಂಕ್ ಕೊರತೆ ಇರುವವರಿಗೆ ಅದರಿಂದ ಉಪಯೋಗ ಆಗಬಹುದು, ಅದನ್ನೂ ಒಪ್ಪಿದೆ. ಆದರೆ ಜಿಂಕ್ ಕುಂಬಳಬೀಜದಲ್ಲೂ ಇದೆಯಲ್ಲ? ಒಬ್ಬನಾದರೂ ಮೇಣದಬತ್ತಿ ಹಚ್ಚಿ, ಪಿಟೀಲಿನವರನ್ನು ಕರೆಸಿ, ಬೆಳ್ಳಿ ತಟ್ಟೆಯಲ್ಲಿ ಕುಂಬಳಬೀಜ ಬಡಿಸಿದ್ದಾನಾ?

ಕ್ಯಾಸನೋವಾ ತಾನೇ ಬರೆದುಕೊಂಡಿದ್ದಾನೆ ಸಿಂಪಿ ಹೇಗೆ ತಿಂದ ಅಂತ. ಹುಡುಗಿಯರ ಜೊತೆ ಕೂತು, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿಸುವ ಆಟ. ತುಟಿಯಿಂದ ತುಟಿಗೆ. ಆ ಆಟವನ್ನು ಬೆಂದ ಆಲೂಗಡ್ಡೆಯಲ್ಲಿ ಆಡಿದರೂ ಅದೇ ಫಲಿತಾಂಶ ಬರುತ್ತದೆ ಕಣ್ರೀ! ಜಿಂಕ್ ಪಾಪ ಏನು ಮಾಡಿತು ಅಲ್ಲಿ?

ಮತ್ತೆ ಕೇಳಿ. ಅದೇ ಸಿಂಪಿ, ಕ್ಯಾಸನೋವಾ ಸತ್ತು ನಾಲ್ಕು ದಶಕ ಕಳೆಯುವ ಹೊತ್ತಿಗೆ ಲಂಡನ್ನಿನ ಬೀದಿಯಲ್ಲಿ ಕೂಲಿಯವರ ತಿಂಡಿ. ಬಡತನ ಇದ್ದಲ್ಲೆಲ್ಲ ಸಿಂಪಿ ಇರುತ್ತದೆ ಅಂತ ಡಿಕನ್ಸ್ 1836ರಲ್ಲಿ ಶುರು ಮಾಡಿದ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಲ್ಲಿ ಹೇಳಿಸುತ್ತಾನೆ. ಲಂಡನ್ನಿನ ಬಡವರೆಲ್ಲ ಕ್ಯಾಸನೋವಾ ಆದರಾ? ಇಲ್ಲ. ಕೆಲಸ ಮುಗಿಸಿ, ಎರಡು ಸಿಂಪಿ ನುಂಗಿ, ಮನೆಗೆ ಹೋಗಿ ಗೊರಕೆ ಹೊಡೆದರು. ಆಮೇಲೆ ಬಗೆದು ಬಗೆದು ಸಿಂಪಿ ಕಡಿಮೆ ಆಯಿತು, ಬೆಲೆ ಏರಿತು, ದೊಡ್ಡ ಹೋಟೆಲಿನ ಐಸಿನ ಮೇಲೆ ಹೋಗಿ ಕೂತಿತು, ಅದರ ಜೊತೆಗೇ ಶೃಂಗಾರವೂ ವಾಪಸ್ ಬಂತು. ಸಮುದ್ರ ಅದೇ. ಜೀವಿ ಅದೇ. ಜಿಂಕ್ ಅದೇ. ಬದಲಾದದ್ದು ಬಿಲ್ಲು.

ಅಗ್ಗ ಆಯ್ತು, ಶಕ್ತಿ ಹೋಯ್ತು. ದುಬಾರಿ ಆಯ್ತು, ಶಕ್ತಿ ಬಂತು. ಇನ್ನೇನು ಬೇಕು ನಿಮಗೆ?

"ಈರುಳ್ಳಿ?" ಅಂತ ಒಬ್ಬರು ಕೇಳಿದ್ದಾರೆ. ಈರುಳ್ಳಿ ಅಗ್ಗ, ಆದರೂ ರೋಮನ್ನರು ಹೇಳಿದ್ದಾರಲ್ಲ ಅಂತ. ಬುದ್ಧಿವಂತರು. ರೋಮಿನ ಕವಿ ಓವಿಡ್ ಪ್ರೇಮದ ಪಾಠ ಬರೆಯುವಾಗ ಈರುಳ್ಳಿಯಂಥ ಒಂದು ಬಿಳಿ ಗೆಡ್ಡೆಯನ್ನು ಹೇಳಿರುವುದು ನಿಜ. ಆದರೆ ಯಾವ ಗೆಡ್ಡೆ? ಗ್ರೀಸಿನ ಮೆಗಾರಾ ಊರಿಂದ ಬರುವುದು. ಜೇನು? ಅಥೆನ್ಸ್ ಪಕ್ಕದ ಹೈಮೆಟಸ್ ಬೆಟ್ಟದ್ದು. ನೋಡಿದಿರಾ? ಮನೆ ಹಿತ್ತಲಿನ ಗೆಡ್ಡೆಗೆ ಶಕ್ತಿ ಇಲ್ಲ. ಹಡಗು ಹತ್ತಿ ಬಂದರೆ ಇದೆ. ಇನ್ನು ಹಸಿ ಈರುಳ್ಳಿ ತಿಂದವರ ಪಕ್ಕ ಹತ್ತು ನಿಮಿಷ ಕೂತು ನೋಡಿ, ಆಮೇಲೆ ಬಂದು ನನ್ನ ಹತ್ತಿರ ವಾದ ಮಾಡಿ.

ಈಗ ಆ 412 ಲೈಕಿನ ಪ್ರಶ್ನೆ. ಸಾವಿರಾರು ವರ್ಷದ ಜನ ದಡ್ಡರಾ? ಲೆಟ್ಯೂಸ್ ಗೊತ್ತಲ್ಲ, ಬರ್ಗರ್ ಒಳಗಿರುವ ಹಸಿರು ಎಲೆ. ಹಳೆಯ ಈಜಿಪ್ಟಿನವರಿಗೆ ಅದು ಮಿನ್ ಅನ್ನುವ ದೇವರ ನೈವೇದ್ಯ. ಮಿನ್ ಫಲವಂತಿಕೆಯ ದೇವರು, ಅವನ ವಿಗ್ರಹದಲ್ಲಿ ಅದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ, ಮಕ್ಕಳ ಮುಂದೆ ಹುಡುಕಬೇಡಿ. ಯಾಕೆ ಲೆಟ್ಯೂಸ್? ದಂಟು ಮುರಿದರೆ ಬಿಳಿ ಹಾಲು ಬರುತ್ತದೆ. ಅವರ ತರ್ಕ ಅಲ್ಲಿಗೆ ಮುಗೀತು. ಸಮುದ್ರ ದಾಟಿ ಗ್ರೀಸಿಗೆ ಬನ್ನಿ. ಅದೇ ಎಲೆ ಅಲ್ಲಿ ಗಂಡಸರನ್ನು ತಣ್ಣಗೆ ಮಾಡುವ ಎಲೆ! ಪ್ರೇಮದೇವತೆಯ ಪ್ರಿಯಕರ ಅಡೋನಿಸ್ ಸತ್ತಾಗ ಅವನನ್ನು ಲೆಟ್ಯೂಸ್ ನಡುವೆ ಮಲಗಿಸಿದರು ಅಂತ ಕಥೆ, ಅಲ್ಲಿನ ನಾಟಕಕಾರರು ಅದನ್ನು ಹೆಣದ ಊಟ ಅಂತ ಗೇಲಿ ಮಾಡಿದರು. ಒಂದೇ ಸೊಪ್ಪು. ಒಂದು ದಡದಲ್ಲಿ ಏರಿಸುತ್ತದೆ, ಇನ್ನೊಂದು ದಡದಲ್ಲಿ ಇಳಿಸುತ್ತದೆ. ಇಬ್ಬರೂ ಸಾವಿರಾರು ವರ್ಷ ಹಳಬರು. ಯಾರ ಪರ ನೀವು? ಹೇಳಿ, ಕಾಮೆಂಟ್ ಮಾಡಿ. 412 ಜನವೂ ಮಾಡಿ.

ದಡ್ಡರು ಅಂತ ನಾನು ಹೇಳುವುದಿಲ್ಲ. ಕೆಲವರಂತೂ ನನಗಿಂತ ಬುದ್ಧಿವಂತರು. ಚರಕ ಸಂಹಿತೆಯಲ್ಲಿ ವಾಜೀಕರಣ ಅಂತ ಒಂದು ಇಡೀ ಅಧ್ಯಾಯವೇ ಇದೆ. ವಾಜಿ ಅಂದರೆ ಕುದುರೆ. ಈ ಡಬ್ಬದ ಮೇಲೆ ಕಾಲೆತ್ತಿ ನಿಂತಿರುವವನ ಅಜ್ಜ ಅಲ್ಲಿದ್ದಾನೆ. ಆ ಅಧ್ಯಾಯದಲ್ಲಿ ಉದ್ದು, ಹಾಲು, ತುಪ್ಪ, ಸಕ್ಕರೆ ಎಲ್ಲ ಬರುತ್ತವೆ. ಆದರೆ ಈ ಪಟ್ಟಿಗಳೆಲ್ಲ ಶುರುವಾಗುವ ಮುಂಚೆ, ಮೊದಲಿಗೇ, ಒಂದು ಮಾತು ಹೇಳಿಬಿಡುತ್ತಾರೆ: ಎಲ್ಲಕ್ಕಿಂತ ಮೇಲಾದ ವಾಜೀಕರಣ ಅಂದರೆ ಮನಸ್ಸಿಗೆ ಹರ್ಷ ತರುವ ಹೆಣ್ಣು. ಅಂದರೆ ಸಂಗಾತಿ. ಗಂಡಸರಿಗಾಗಿ ಬರೆದ ಶಾಸ್ತ್ರ, ಅದಕ್ಕೇ ಹೆಣ್ಣು ಅಂತ ಇದೆ, ನೀವು ನಿಮಗೆ ಹೊಂದುವಂತೆ ಓದಿಕೊಳ್ಳಿ. "ಆಯುರ್ವೇದದಲ್ಲಿ ಇದೆ" ಅಂತ ಕುದುರೆ ಚಿತ್ರ ಅಂಟಿಸುವ ಒಬ್ಬನಾದರೂ ಈ ಸಾಲನ್ನು ಡಬ್ಬದ ಮೇಲೆ ಹಾಕಿದ್ದಾನಾ? ಹಾಕಿದರೆ ಡಬ್ಬ ಯಾರು ತಗೊಳ್ತಾರೆ?

"ಹಾಗಾದರೆ ಯಾವುದೂ ಕೆಲಸ ಮಾಡುವುದಿಲ್ಲವಾ?" ಮಾಡುತ್ತದೆ. ಸಿಲ್ಡೆನಾಫಿಲ್ ಕೆಲಸ ಮಾಡುತ್ತದೆ. ಎದೆನೋವಿಗೆ ಅಂತ ಪರೀಕ್ಷೆ ಮಾಡುತ್ತಿದ್ದ ಔಷಧಿ, 1998ರಲ್ಲಿ ವಯಾಗ್ರ ಅಂತ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೂ ಆಸೆ ಹುಟ್ಟಿಸುವುದಿಲ್ಲ, ಆಸೆ ಇದ್ದಾಗ ರಕ್ತದ ಓಟಕ್ಕೆ ದಾರಿ ಬಿಡಿಸುತ್ತದೆ, ಅಷ್ಟೇ. ಆದರೆ ಒಂದು ವಿಷಯ ನೋಡಿ. ಅದರ ಪೇಟೆಂಟ್ ಮುಗಿಯಿತು, ಬೆಲೆ ಇಳಿಯಿತು, ಯಾರು ಬೇಕಾದರೂ ತಯಾರಿಸುವಂತಾಯಿತು. ಶಕ್ತಿ ಹೋಯ್ತಾ? ಇಲ್ಲ! ಅದೇ ನಿಜವಾದ ಮದ್ದಿಗೂ ಡಬ್ಬದ ಕುದುರೆಗೂ ಇರುವ ವ್ಯತ್ಯಾಸ. ನಿಜವಾದದ್ದು ಅಗ್ಗ ಆದರೂ ಕೆಲಸ ಮಾಡುತ್ತದೆ. ಈ ಪಾಯಿಂಟ್ ನನಗೆ ಸ್ನಾನ ಮಾಡುವಾಗ ಹೊಳೆಯಿತು. ನನಗೇ ಖುಷಿ ಆಯಿತು. ಕ್ಲಿಪ್ ಮಾಡಿ ಹಾಕಿಕೊಳ್ಳಿ, ಚಾನೆಲ್ ಹೆಸರು ಟ್ಯಾಗ್ ಮಾಡಿ.

"ನನ್ನ ಗೆಳೆಯನಿಗೆ ಈ ಜೇನು ಕೆಲಸ ಮಾಡಿತು" ಅನ್ನುವವರಿಗೆ ಎರಡು ಮಾತು. ಒಂದು, ಸಿಲ್ಡೆನಾಫಿಲ್ ಪರೀಕ್ಷೆಯಲ್ಲಿ ಬರೀ ಡಮ್ಮಿ ಗುಳಿಗೆ ತಿಂದವರಲ್ಲೂ ಒಂದಷ್ಟು ಜನ ಸುಧಾರಿಸಿದೆ ಅಂದಿದ್ದರು. ನಂಬಿಕೆ ಅಂದರೆ ಹಾಗೆ. ಎರಡು, ಇದು ತಮಾಷೆ ಅಲ್ಲ, ಸ್ವಲ್ಪ ಸರಿಯಾಗಿ ಕೇಳಿ. 2022ರಲ್ಲಿ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥದ್ದೇ ಜೇನುಗಳನ್ನು ಪರೀಕ್ಷೆ ಮಾಡಿಸಿ ಮಾರುವವರಿಗೆ ಎಚ್ಚರಿಕೆ ಪತ್ರ ಕಳಿಸಿತು. ಒಳಗೆ ಸಿಕ್ಕಿದ್ದು ಲೇಬಲ್ಲಿನಲ್ಲಿ ಹೇಳದ ಸಿಲ್ಡೆನಾಫಿಲ್, ಅದೇ ಜಾತಿಯ ಇನ್ನೊಂದು ಮದ್ದು ಟಡಾಲಫಿಲ್. ಅಂದರೆ ಗಿಡಮೂಲಿಕೆ ಅಂತ ನೆಕ್ಕಿದ್ದು ಮಾತ್ರೆಯನ್ನೇ. ಹೃದಯದ ತೊಂದರೆಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಇದನ್ನು ನೆಕ್ಕಿದರೆ ರಕ್ತದೊತ್ತಡ ಒಂದೇ ಸಲ ಪಾತಾಳಕ್ಕೆ ಇಳಿಯಬಹುದು. ಜೀವ ಹೋಗಬಹುದು. ಜೇನು ಅಲ್ವಾ ಏನಾಗುತ್ತೆ ಅಂತ ಅಪ್ಪನಿಗೆ, ಮಾವನಿಗೆ ಕೊಡಬೇಡಿ.

ಅದೇ ಎಫ್‌ಡಿಎ 1989ರಲ್ಲೇ ಹೇಳಿಯಾಗಿದೆ, ಚೀಟಿ ಇಲ್ಲದೆ ಮಾರುವ ಯಾವ ಕಾಮೋತ್ತೇಜಕ ಔಷಧಿಯನ್ನೂ ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲು ಆಗುವುದಿಲ್ಲ ಅಂತ. 1989! ನಾನಾಗ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದೆ.

ಇನ್ನೂ ಹಿಂದಕ್ಕೆ ಹೋದರೆ ವಿಷವೇ. ಸ್ಪ್ಯಾನಿಷ್ ಫ್ಲೈ ಅಂತಾರೆ, ನೊಣ ಅಲ್ಲ, ಹಸಿರು ಮಿರುಗುವ ಒಂದು ಜೀರುಂಡೆ. ಒಣಗಿಸಿ ಪುಡಿ ಮಾಡುತ್ತಿದ್ದರು. ಅದರಲ್ಲಿರುವ ಕ್ಯಾಂಥರಿಡಿನ್ ಮೂತ್ರದ ದಾರಿಯನ್ನು ಸುಡುತ್ತದೆ. ಆ ಉರಿಯನ್ನೇ ಜನ ಆಸೆ ಅಂದುಕೊಂಡರು. 1772ರಲ್ಲಿ ಮಾರ್ಕ್ವಿಸ್ ದ ಸಾದ್ ಅನ್ನುವ ಕುಲೀನ ಬರಹಗಾರ ಫ್ರಾನ್ಸಿನ ಮಾರ್ಸೇಲಿನಲ್ಲಿ ಇದನ್ನು ಮಿಠಾಯಿಯಲ್ಲಿ ಸೇರಿಸಿ ವೇಶ್ಯೆಯರಿಗೆ ತಿನ್ನಿಸಿದ ಅಂತ ಕೇಸಾಯಿತು, ಅವರು ಹಾಸಿಗೆ ಹಿಡಿದರು, ಇವನು ಓಡಿಹೋದ. ಸಿಗದವನಿಗೇ ಮರಣದಂಡನೆ ಬರೆದರು.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಜಾಗಕ್ಕೆ ಬರುತ್ತೇನೆ. ಯಾರ್ಸಾಗುಂಬಾ. ಹಿಮಾಲಯದ ವಯಾಗ್ರ ಅಂತ ಮಾರುತ್ತಾರೆ. ಮಣ್ಣೊಳಗಿರುವ ಒಂದು ಪತಂಗದ ಹುಳುವಿನ ಮೈಗೆ ಶಿಲೀಂಧ್ರ ಹತ್ತುತ್ತದೆ. ಹುಳು ಸಾಯುತ್ತದೆ. ಅದರ ತಲೆಯಿಂದ ಕಂದು ಬಣ್ಣದ ಒಂದು ಕಡ್ಡಿ ಮೊಳೆತು ಹುಲ್ಲಿನ ನಡುವೆ ಎದ್ದು ನಿಲ್ಲುತ್ತದೆ, ಬೆಂಕಿಕಡ್ಡಿಯಷ್ಟು. ನೇಪಾಳ, ಟಿಬೆಟ್, ಭೂತಾನಿನ ಎತ್ತರದ ಹುಲ್ಲುಗಾವಲಲ್ಲಿ ಹಿಮ ಕರಗುವ ಹೊತ್ತಿಗೆ ಜನ, ಮಕ್ಕಳ ಸಮೇತ, ಮೊಣಕಾಲೂರಿ ತೆವಳುತ್ತಾರೆ. ಮೂಗು ಹುಲ್ಲಿಗೆ ತಾಗುವಷ್ಟು ಬಗ್ಗಿ ಆ ಕಡ್ಡಿ ಹುಡುಕುತ್ತಾರೆ. ಸಿಕ್ಕರೆ ಸುತ್ತ ಮಣ್ಣು ಬಿಡಿಸಿ ಹುಳು ಮುರಿಯದ ಹಾಗೆ ಎತ್ತುತ್ತಾರೆ, ಮುರಿದರೆ ಬೆಲೆ ಬಿತ್ತು. ಒಳ್ಳೆಯ ದರ್ಜೆಯದು ತೂಕಕ್ಕೆ ಚಿನ್ನವನ್ನೂ ಮೀರಿಸಿದೆ. ಹೀಗೇ ಕಿತ್ತು ಕಿತ್ತು 2020ರಲ್ಲಿ ಅದು ಅಳಿವಿನ ಅಪಾಯದ ಕೆಂಪು ಪಟ್ಟಿಗೆ ಸೇರಿತು. ಕೊನೆಗೆ ಅದು ಏನು? ಸತ್ತ ಹುಳ. ಬೂಸ್ಟು ಹಿಡಿದ ಸತ್ತ ಹುಳ! ಕಿಲೋಗಟ್ಟಲೆ ಬೀದಿಯಲ್ಲಿ ಸಿಗುತ್ತಿದ್ದರೆ ಪೊರಕೆಯಲ್ಲಿ ಗುಡಿಸುತ್ತಿದ್ದಿರಿ.

ಘೇಂಡಾಮೃಗದ ಕೊಂಬು ಇನ್ನೂ ತಮಾಷೆ. ಅದು ನಿಮ್ಮ ಉಗುರಿನಲ್ಲಿರುವ ಕೆರಾಟಿನ್. ಚೀನಾದ ಹಳೆಯ ವೈದ್ಯದಲ್ಲಿ ಅದನ್ನು ಕೊಡುತ್ತಿದ್ದದ್ದು ಮುಖ್ಯವಾಗಿ ಜ್ವರಕ್ಕೆ. ಕಾಮಕ್ಕೆ ಅಂತ ಪುಕಾರು ಹಬ್ಬಿಸಿದವರಲ್ಲಿ ಪಶ್ಚಿಮದ ಬರಹಗಾರರದ್ದೇ ದೊಡ್ಡ ಪಾಲು. ಪುಕಾರೇ ಬೆಲೆ ಏರಿಸಿತು, ಬೆಲೆಯೇ ಪುಕಾರು ಬೆಳೆಸಿತು. ಅಷ್ಟು ಆಸೆ ಇದ್ದರೆ ಉಗುರು ಕಚ್ಚಿಕೊಳ್ಳಿ ಸ್ವಾಮಿ. ಪುಕ್ಕಟೆ. ಹಾಂ, ಪುಕ್ಕಟೆ ಆದ್ದರಿಂದ ಶಕ್ತಿ ಇರುವುದಿಲ್ಲ, ಮರೆತಿದ್ದೆ.

ಇಲ್ಲಿ ಸ್ಕ್ರಿಪ್ಟಲ್ಲಿ ಜಿನ್ಸೆಂಗ್ ಬಗ್ಗೆ ಒಂದು ಪುಟ ಇದೆ. ಬಿಡಿ. ಬೇರು ಮನುಷ್ಯನ ಆಕಾರದಲ್ಲಿದೆ, ಅದಕ್ಕೇ ಮನುಷ್ಯನಿಗೆ ಒಳ್ಳೆಯದು, ಅದೇ ರಾಗ. ಕೆಲವು ಅಧ್ಯಯನ ಇದೆ ಅಂತೀರಿ. ಇರಲಿ. ದುಬಾರಿ ತಾನೇ? ದುಬಾರಿ. ಮುಗೀತು.

ಕಾಮೆಂಟಿನಲ್ಲಿ ಇನ್ನೊಬ್ಬರು "ಇವನಿಗೇ ಏನೋ ಪ್ರಾಬ್ಲಂ ಇರಬೇಕು, ಅದಕ್ಕೇ ಇಷ್ಟು ಉರಿ" ಅಂತ ಬರೆದಿದ್ದಾರೆ. ಇದಕ್ಕೆ ನಾನು ಉತ್ತರ ಕೊಡಬಾರದು ಅಂತ ತೀರ್ಮಾನ ಮಾಡಿದ್ದೆ. ನನಗೆ ಇಬ್ಬರು ಮಕ್ಕಳು. ಅಷ್ಟೇ ಹೇಳುತ್ತೇನೆ. ನನ್ನ ಹೆಂಡತಿ ಆಚೆ ರೂಮಿಂದ ಸಾಕು ಅಂತ ಕೂಗುತ್ತಿದ್ದಾಳೆ, ಮೈಕಲ್ಲಿ ಬಂತಾ? ಬಂತು.

ಈ ಎಪಿಸೋಡಿಗೆ ಸ್ಪಾನ್ಸರ್ ಇಲ್ಲ. ಒಬ್ಬರು ಬಂದಿದ್ದರು, ಒಣಹಣ್ಣು ಮಾರುವವರು, ಸ್ಕ್ರಿಪ್ಟ್ ಓದಿ ಫೋನ್ ಎತ್ತುವುದನ್ನೇ ಬಿಟ್ಟರು. ಆದ್ದರಿಂದ ಮೆಂಬರ್ ಆಗಿ. ಮೆಂಬರ್‌ಗಳಿಗೆ ಮುಂದಿನ ವಾರ ಇದರ ಉಲ್ಟಾ ಎಪಿಸೋಡ್ ಇದೆ, ಆಸೆ ಇಳಿಸುವ ಊಟದ ಬಗ್ಗೆ. 1830ರ ದಶಕದಲ್ಲಿ ಸಿಲ್ವೆಸ್ಟರ್ ಗ್ರಹಾಂ ಅನ್ನುವ ಅಮೆರಿಕದ ಪಾದ್ರಿ, ಕಾಮ ಅಡಗಬೇಕಾದರೆ ಮಸಾಲೆ ಬಿಡಿ, ಮಾಂಸ ಬಿಡಿ, ತವುಡಿರುವ ಹಿಟ್ಟಿನ ಸಪ್ಪೆ ಬ್ರೆಡ್ ತಿನ್ನಿ ಅಂತ ಊರೂರು ಭಾಷಣ ಮಾಡಿದ. ಅವನ ಹೆಸರಲ್ಲಿ ಈಗಲೂ ಗ್ರಹಾಂ ಕ್ರ್ಯಾಕರ್ ಬಿಸ್ಕತ್ತು ಬರುತ್ತದೆ, ಸಕ್ಕರೆ ಸುರಿದು ಮಾಡುತ್ತಾರೆ, ಚಾಕೊಲೇಟ್ ಇಟ್ಟು ತಿನ್ನುತ್ತಾರೆ. ಪಾಪ ಮನುಷ್ಯ.

ಸರಿ, ಇಷ್ಟೇ. 412 ಜನರಲ್ಲಿ ಒಬ್ಬರಾದರೂ ನನಗೆ ಅಗ್ಗದ್ದು, ಎಲ್ಲ ಕಡೆ ಸಿಗುವಂಥದ್ದು, ಆದರೂ ಇವತ್ತಿಗೂ ಚಿನ್ನದ ಮುಚ್ಚಳದಲ್ಲಿ ಮಾರುವಂಥದ್ದು ಒಂದು ತೋರಿಸಿ. ಜೇನು ಅನ್ನಬೇಡಿ. ಜೇನು ಇಲ್ಲೇ ಟೇಬಲ್ ಮೇಲೆ ಇತ್ತು, ತೋರಿಸುತ್ತೇನೆ. ಒಂದು ನಿಮಿಷ. ಇಲ್ಲೇ ಇಟ್ಟಿದ್ದೆ. ಏ, ಡಬ್ಬ ಎಲ್ಲೋ? ಕ್ಯಾಮೆರಾ ಹಿಂದೆ ಯಾಕೋ ನಗ್ತಿದೀಯಾ? ಬ್ಯಾಗ್ ತೆಗಿ. ತೆಗಿ ಅಂದೆ. ನಿನಗೆ ಇನ್ನೂ ಇಪ್ಪತ್ತಾರು ಕಣೋ!